ಜಪಸರ ಮತ್ತು ಪ್ರತಿಮೆ: ಕರಾವಳಿಯ ಕಥೋಲಿಕ ಪ್ರಾರ್ಥನೆಯ ಒಂದು ವಿವೇಚನೆ

ಭಟ್ಕಳದ ಮಗ್ಗುಲಿನ ಮುಟ್ಟಳ್ಳಿಯಿಂದ ಹೊರಟು ಹೊನ್ನಾವರವನ್ನು ಹಾಯ್ದು ಕುಮಟೆಯ ಕಡೆಗೆ ಸಾಗಿದರೆ, ಒಂದು ಮಗ್ಗುಲಿಗೆ ಘಟ್ಟ, ಇನ್ನೊಂದು ಮಗ್ಗುಲಿಗೆ ಕಡಲು; ನಡುವಣ ಕಿರಿದಾದ ನೆಲದಲ್ಲಿ ಎಷ್ಟೋ ಬಗೆಯ ಉಪಾಸನೆಗಳು ನೆರೆಹೊರೆಯಾಗಿ ಬಾಳಿಕೊಂಡು ಬಂದಿವೆ. ಭಟ್ಕಳದಲ್ಲಿ ಜೈನರ ಬಸದಿಗಳೂ ವಿಜಯನಗರದ ಕಾಲದ ದೇವಾಲಯಗಳೂ ನವಾಯತರ ಮಸೀದಿಗಳೂ ಇವೆ. ಮುರುಡೇಶ್ವರವೂ ಗೋಕರ್ಣವೂ ಆತ್ಮಲಿಂಗದ ಕಥೆಯಿಂದ ಒಂದಕ್ಕೊಂದು ಬೆಸೆದುಕೊಂಡಿವೆ. ಇವೆಲ್ಲದರ ನಡುವೆ ಕೊಂಕಣಿ ಮಾತನಾಡುವ ಕಥೋಲಿಕರ ಇಗರ್ಜಿಗಳಿವೆ, ದಾರಿಯ ಬದಿಯ ಖುರಿಸುಗಳಿವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಈ ಮನೆಗಳಲ್ಲಿ ಗೋಡೆಯ ಚಿತ್ರದ ಮುಂದೆ ಮನೆಮಂದಿ ಸೇರಿ, ಮಣಿಸರವನ್ನು ಬೆರಳಿನಲ್ಲಿ ಸರಿಸುತ್ತ ಒಂದೇ ಪ್ರಾರ್ಥನೆಯನ್ನು ಐವತ್ತಕ್ಕೂ ಮಿಗಿಲಾಗಿ ಹೇಳುವ ಪದ್ಧತಿಯುಂಟು. ಅದಕ್ಕೆ ಅವರು ‘ತೇರ್ಸ್’ ಎನ್ನುತ್ತಾರೆ. ಕನ್ನಡದ ಕಥೋಲಿಕರು ‘ಜಪಸರ’ ಎನ್ನುತ್ತಾರೆ.

ಈ ಪ್ರಾರ್ಥನೆಯ ಮೇಲೆ ಎರಡು ಆಕ್ಷೇಪಣೆಗಳು ಬಹುಕಾಲದಿಂದ ಬಂದಿವೆ. ಚಿತ್ರಕ್ಕೂ ವಿಗ್ರಹಕ್ಕೂ ಕೈಮುಗಿಯುವುದು ಏಕದೇವೋಪಾಸನೆಗೆ ಹೊಂದದು ಎಂಬುದು ಮೊದಲನೆಯದು. ಒಂದೇ ಮಾತನ್ನು ಎಣಿಸೆಣಿಸಿ ಹೇಳುವುದು ಗಿಳಿಪಾಠವೇ ಹೊರತು ಪ್ರಾರ್ಥನೆಯಲ್ಲ ಎಂಬುದು ಎರಡನೆಯದು. ಕ್ರೈಸ್ತರಲ್ಲಿಯೇ ಪ್ರಾಟೆಸ್ಟಂಟ್ ಪಂಥದವರು ಇವೆರಡನ್ನೂ ಬಲವಾಗಿ ಮಂಡಿಸಿದ್ದಾರೆ. 1834ರಿಂದ ಮಂಗಳೂರನ್ನು ನೆಲೆ ಮಾಡಿಕೊಂಡು ದುಡಿದ ಬಾಸೆಲ್ ಮಿಶನ್ನಿನವರು ಇದೇ ಪರಂಪರೆಗೆ ಸೇರಿದವರು. ಇನ್ನೊಂದು ದಿಕ್ಕಿನಿಂದ ನಮ್ಮ ಕಡೆಯ ಉದಾರಚಿತ್ತರು ಬಂದು, ‘ಇದರಲ್ಲೇನಿದೆ, ಅವರದು ಜಪಸರ, ನಮ್ಮದು ರುದ್ರಾಕ್ಷಮಾಲೆ, ಎಲ್ಲವೂ ಒಂದೇ’ ಎಂದು ಮಾತು ಮುಗಿಸಿಬಿಡುತ್ತಾರೆ. ಆಕ್ಷೇಪಣೆಯಾದರೂ ವಿಷಯವನ್ನು ನೋಡಿದ ಮೇಲೆ ಹುಟ್ಟಿದ್ದು. ಈ ಔದಾರ್ಯ ನೋಡದೆಯೇ ಹುಟ್ಟಿದ್ದು. ಆದಕಾರಣ ವಸ್ತುವನ್ನು ಅದರ ಅಂಗಾಂಗಗಳಲ್ಲಿ ಬಿಡಿಸಿ ನೋಡುವುದು ಅವಶ್ಯ.

ಮೊದಲು ಶಬ್ದಗಳನ್ನು ನೋಡಬೇಕು. ‘ತೇರ್ಸ್’ ಎಂಬುದು ಪೋರ್ತುಗೀಜರ ‘ತೆರ್ಸು’ ಎಂಬ ಮಾತಿನಿಂದ ಬಂದದ್ದು. ಮೂರನೆಯ ಒಂದು ಭಾಗ ಎಂದು ಅದರ ಅರ್ಥ. ಪೂರ್ಣ ಜಪಸರದಲ್ಲಿ ಹತ್ತು ಹತ್ತರ ಹದಿನೈದು ಗುಂಪುಗಳು, ಅಂದರೆ 150 ಮರಿಯವಂದನೆಗಳು. ದಿನಕ್ಕೆ ಅದರ ಮೂರನೆಯ ಒಂದು ಭಾಗವನ್ನು, ಐದು ಗುಂಪುಗಳನ್ನು, ಹೇಳುವುದು ರೂಢಿಯಾದ್ದರಿಂದ ಆ ಭಾಗದ ಹೆಸರೇ ಪ್ರಾರ್ಥನೆಯ ಹೆಸರಾಯಿತು. 2002ರ ಅಕ್ಟೋಬರಿನಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಇನ್ನೂ ಐದು ಗುಂಪುಗಳನ್ನು ಸೇರಿಸಿ ಒಟ್ಟು ಇಪ್ಪತ್ತು ಮಾಡಿದರು. ಅಂದಿನಿಂದ ಲೆಕ್ಕದ ಪ್ರಕಾರ ಅದು ನಾಲ್ಕನೆಯ ಒಂದು ಭಾಗ. ಆದರೂ ಜನರ ನಾಲಗೆ ‘ತೇರ್ಸ್’ ಎಂಬುದನ್ನು ಬಿಟ್ಟಿಲ್ಲ. ಭಕ್ತಿಯ ಭಾಷೆ ಗಣಿತವನ್ನು ಕೇಳಿ ನಡೆಯುವುದಿಲ್ಲವಷ್ಟೆ.

ಲ್ಯಾಟಿನ್ನಿನ ‘ರೊಸಾರಿಯುಂ’ ಎಂಬ ಹೆಸರಿಗೆ ಗುಲಾಬಿಯ ತೋಟ ಎಂದರ್ಥ. ಜರ್ಮನಿಯ ಸಂಸ್ಕೃತ ವಿದ್ವಾಂಸ ವೇಬರ್ 19ನೆಯ ಶತಮಾನದಲ್ಲಿ ಇದರ ಬಗೆಗೆ ಒಂದು ಚಮತ್ಕಾರದ ಊಹೆಯನ್ನು ಮುಂದಿಟ್ಟ. ‘ಜಪಮಾಲಾ’ ಎಂಬ ನಮ್ಮ ಶಬ್ದವನ್ನು ಪಾಶ್ಚಾತ್ಯರು ದೀರ್ಘದ ‘ಜಪಾಮಾಲಾ’ ಎಂದು ಕೇಳಿ, ಜಪಾ ಎಂದರೆ ದಾಸವಾಳವಾದ್ದರಿಂದ ಹೂವಿನ ಮಾಲೆ ಎಂದು ಅರ್ಥ ಮಾಡಿಕೊಂಡರು ಎಂಬುದು ಆ ಊಹೆ. ಕೇಳಲು ಸೊಗಸಾಗಿದೆ, ಇಂಥ ವ್ಯುತ್ಪತ್ತಿಗಳಿಗೆ ನಮ್ಮಲ್ಲಿ ಮರುಳಾಗುವವರೂ ಬಹಳ. ಆದರೆ ಯೂರೋಪಿನಲ್ಲಿ ಮಣಿ ಎಣಿಸುವ ಪದ್ಧತಿ ಬೆಳೆದ ಬಗೆಗೆ ಬೇರೆ ಕಾರಣ ಸ್ಪಷ್ಟವಾಗಿಯೇ ಇದೆ. ಮಠಗಳಲ್ಲಿ ಓದು ಬಲ್ಲ ಸನ್ಯಾಸಿಗಳು ಬೈಬಲಿನ 150 ಕೀರ್ತನೆಗಳನ್ನು ಪಠಿಸುತ್ತಿದ್ದರು. ಓದು ಬಾರದವರು ಅದರ ಬದಲಿಗೆ 150 ಸಲ ಚಿಕ್ಕ ಪ್ರಾರ್ಥನೆಯನ್ನು ಹೇಳತೊಡಗಿದರು. ಲೆಕ್ಕ ತಪ್ಪದಂತೆ ದಾರಕ್ಕೆ ಗಂಟು ಹಾಕಿದರು, ಆಮೇಲೆ ಮಣಿ ಪೋಣಿಸಿದರು. ಹೀಗೆ ನಿರಕ್ಷರಿಗಳ ಅಗತ್ಯದಿಂದ ಹುಟ್ಟಿದ ಸಾಧನ ಇದು. ಮೂಲದಲ್ಲಿ ಇದು ಬಡವರ ಕೀರ್ತನಗ್ರಂಥ.

ಮೇರಿಮಾತೆಯೇ ಸಂತ ದೊಮಿನಿಕರಿಗೆ ಜಪಸರವನ್ನು ಕೊಟ್ಟಳೆಂಬ ಐತಿಹ್ಯ ಕಥೋಲಿಕರಲ್ಲಿ ಪ್ರಚಲಿತವಾಗಿದೆ. ಇತಿಹಾಸಜ್ಞರು ಇದನ್ನು 15ನೆಯ ಶತಮಾನದ ಅಲನ್ ದ ಲಾ ರೋಷ್ ಎಂಬ ದೊಮಿನಿಕನ್ ಸನ್ಯಾಸಿಯ ಪ್ರಚಾರಕ್ಕೆ ಸಂಬಂಧಿಸಿದ್ದೆಂದು ತಿಳಿಯುತ್ತಾರೆ. 1569ರಲ್ಲಿ ಪೋಪ್ ಐದನೆಯ ಪಿಯುಸ್ ಜಪಸರದ ರೂಪವನ್ನು ಸ್ಥಿರಗೊಳಿಸಿದರು. 1571ರ ಅಕ್ಟೋಬರ್ 7ರಂದು ಲೆಪಾಂಟೊ ಎಂಬಲ್ಲಿ ತುರ್ಕರ ನೌಕಾಪಡೆ ಸೋತದ್ದು ಜಪಸರದ ಫಲವೆಂದು ಬಗೆದು ಆ ದಿನಕ್ಕೆ ಹಬ್ಬವನ್ನು ಕಟ್ಟಿದರು. ಅಕ್ಟೋಬರ್ ತಿಂಗಳು ಇಂದಿಗೂ ಜಪಸರದ ತಿಂಗಳು. ಪ್ರಾರ್ಥನೆಯ ಮಣಿಯನ್ನು ಯುದ್ಧದ ಜಯಕ್ಕೆ ಗಂಟುಹಾಕಿದ ಈ ಪ್ರಸಂಗ ಅದರ ಇತಿಹಾಸದಲ್ಲಿ ಹಿತವಾದ ಪುಟವಲ್ಲ. ಆದರೆ ಮುಟ್ಟಳ್ಳಿಯ ಕಡೆಯ ಮುದುಕಿಯೊಬ್ಬಳು ಮಣಿ ಸರಿಸುವಾಗ ಅವಳ ಮನಸ್ಸಿನಲ್ಲಿ ಲೆಪಾಂಟೊ ಇರುವುದಿಲ್ಲ. ಸಾಗರಕ್ಕೆ ಹೋದ ಮಗನಿರುತ್ತಾನೆ.

ಈಗ ಈ ಸಾಧನದ ಒಳಗಿನ ಕೆಲಸವನ್ನು ನೋಡಬೇಕು. ಇಲ್ಲಿಯೇ ಹೆಚ್ಚಿನವರು ಎಡವುವುದು. ವಾಡಿಕೆಯ ಸರದಲ್ಲಿ 59 ಮಣಿಗಳಿರುತ್ತವೆ. ಶಿಲುಬೆಯಿಂದ ಆರಂಭ, ಅಲ್ಲಿ ವಿಶ್ವಾಸದ ಸಂಗ್ರಹವನ್ನು ಹೇಳುತ್ತಾರೆ. ಪ್ರತಿ ಗುಂಪಿನ ಮೊದಲಿಗೆ ಯೇಸು ಕಲಿಸಿದ ಪ್ರಾರ್ಥನೆ, ಅನಂತರ ಹತ್ತು ಮರಿಯವಂದನೆಗಳು, ಕೊನೆಗೆ ತ್ರಿತ್ವದ ಸ್ತುತಿ. ಇಷ್ಟು ನಾಲಗೆಯ ಕೆಲಸ. ಆದರೆ ಪ್ರತಿಯೊಂದು ಗುಂಪಿಗೂ ಯೇಸುವಿನ ಅಥವಾ ಮೇರಿಯ ಜೀವನದ ಒಂದೊಂದು ಪ್ರಸಂಗವನ್ನು ನಿಯಮಿಸಿದ್ದಾರೆ. ದೇವದೂತನು ಕನ್ಯೆಯ ಬಳಿಗೆ ಬಂದದ್ದು, ಅವಳು ಗರ್ಭಿಣಿಯಾದ ಬಂಧುವಿನ ಮನೆಗೆ ಹೋದದ್ದು, ಕೊಟ್ಟಿಗೆಯಲ್ಲಿ ಹೆರಿಗೆಯಾದದ್ದು, ಕಳೆದುಹೋದ ಮಗನನ್ನು ದೇವಾಲಯದಲ್ಲಿ ಕಂಡದ್ದು. ಮುಂದೆ ತೋಟದ ಸಂಕಟ, ಚಾವಟಿಯ ಹೊಡೆತ, ಮುಳ್ಳಿನ ಕಿರೀಟ, ಶಿಲುಬೆಯ ಮರಣ. ಆಮೇಲೆ ಪುನರುತ್ಥಾನವೇ ಮೊದಲಾದವು. ಹತ್ತು ವಂದನೆಗಳನ್ನು ಬಾಯಿ ಹೇಳುತ್ತಿರುವಷ್ಟು ಹೊತ್ತು ಮನಸ್ಸು ಆ ಒಂದು ಪ್ರಸಂಗವನ್ನು ಕಣ್ಣಮುಂದೆ ನಿಲ್ಲಿಸಿಕೊಳ್ಳಬೇಕು. ಬೆರಳು ಕಾಲವನ್ನು ಅಳೆಯುತ್ತದೆ, ಬಾಯಿ ಶ್ರುತಿ ಹಿಡಿಯುತ್ತದೆ, ಮನಸ್ಸು ಕಥೆಯನ್ನು ನೋಡುತ್ತದೆ. ತಂಬೂರಿಯ ತಂತಿ ಒಂದೇ ಸ್ವರವನ್ನು ಮೀಟುತ್ತಿರುತ್ತದೆಂದು ಹಾಡುಗಾರನು ಒಂದೇ ಸ್ವರವನ್ನು ಹಾಡುತ್ತಾನೆಂದು ಯಾರೂ ಹೇಳುವುದಿಲ್ಲ. ಮರಿಯವಂದನೆಗಳ ಆವರ್ತನ ಆ ತಂಬೂರಿ. ಪ್ರಸಂಗಗಳ ಧ್ಯಾನ ಅದರ ಮೇಲಿನ ಹಾಡು.

ರುದ್ರಾಕ್ಷಮಾಲೆಯ ಜಪಕ್ಕೂ ಇದಕ್ಕೂ ಇರುವ ಮುಖ್ಯ ಭೇದ ಇಲ್ಲಿ ಕಾಣುತ್ತದೆ. ಪಂಚಾಕ್ಷರಿಯ ಜಪದಲ್ಲಿ ಮಂತ್ರವೇ ಲಕ್ಷ್ಯ. ಮಂತ್ರ ಮನಸ್ಸನ್ನು ಕಥೆಯಿಂದಲೂ ರೂಪದಿಂದಲೂ ಬಿಡಿಸಿ ಒಂದರಲ್ಲಿ ನೆಲೆಗೊಳಿಸಬೇಕು. ನೂರೆಂಟನೆಯ ಮಣಿಯಲ್ಲಿರುವ ಜಪಕನು ಮೊದಲನೆಯ ಮಣಿಯಲ್ಲಿದ್ದ ವಸ್ತುವನ್ನೇ ಇನ್ನಷ್ಟು ಆಳದಲ್ಲಿ ಹಿಡಿದಿರಬೇಕು. ಜಪಸರದಲ್ಲಾದರೋ ಮನಸ್ಸು ಹುಟ್ಟಿನಿಂದ ಸಾವಿಗೆ, ಸಾವಿನಿಂದ ಏಳ್ಗೆಗೆ ಪಯಣ ಮಾಡುತ್ತದೆ. ಒಂದು ಏಕಾಗ್ರತೆಯ ಸಾಧನ, ಇನ್ನೊಂದು ಸ್ಮರಣೆಯ ಸಾಧನ. ಇದನ್ನು ಕಥಾಜಪ ಎಂದು ಕರೆದರೆ ತಪ್ಪಾಗಲಾರದು. ನಮ್ಮಲ್ಲಿ ಇದಕ್ಕೆ ಹೋಲಿಕೆ ಹುಡುಕುವುದಾದರೆ ಜಪಮಾಲೆಯಲ್ಲಿ ಅಲ್ಲ, ಪುರಾಣಶ್ರವಣದಲ್ಲಿ ಹುಡುಕಬೇಕು.

ಈ ಮಾತಿಗೆ ಕರಾವಳಿಯ ಚರಿತ್ರೆಯೇ ಸಾಕ್ಷಿ. 1579ರಲ್ಲಿ ಗೋವೆಗೆ ಬಂದಿಳಿದ ಇಂಗ್ಲೆಂಡಿನ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಬೈಬಲಿನ ಕಥೆಯನ್ನು ಮರಾಠಿಯ ಓವಿ ಛಂದಸ್ಸಿನಲ್ಲಿ, ಹತ್ತು ಸಾವಿರಕ್ಕೂ ಮಿಗಿಲಾದ ಪದ್ಯಗಳಲ್ಲಿ ಬರೆದನು. 1616ರಲ್ಲಿ ರಾಚೋಲದಲ್ಲಿ ಅಚ್ಚಾದ ಆ ಕೃತಿಯೇ ‘ಕ್ರಿಸ್ತಪುರಾಣ’. ಗೋವೆಯಿಂದ ಕೆನರಾಕ್ಕೆ ವಲಸೆ ಬಂದ ಕ್ರೈಸ್ತ ಕುಟುಂಬಗಳು ಅದನ್ನು ಕೈಬರಹದಲ್ಲಿ ಕಾಪಾಡಿಕೊಂಡು ಓದಿಸಿ ಕೇಳಿದವು. 1907ರಲ್ಲಿ ಮಂಗಳೂರಿನಲ್ಲಿ ಜೋಸೆಫ್ ಸಲ್ಡಾನರು ಅದನ್ನು ಸಂಪಾದಿಸಿ ಪ್ರಕಟಿಸುವುದಕ್ಕೆ ಈ ಪರಂಪರೆಯೇ ಆಧಾರವಾಯಿತು. ಪುರಾಣ ಕಥೆಯನ್ನು ಹಿಗ್ಗಿಸುತ್ತದೆ. ಜಪಸರ ಅದೇ ಕಥೆಯನ್ನು ಮಣಿಗಳಷ್ಟಕ್ಕೆ ಕುಗ್ಗಿಸುತ್ತದೆ. ಪುರಾಣವನ್ನು ಕೇಳಿದವರ ಮನಸ್ಸಿನಲ್ಲಿ ಮಣಿಗೆ ಅರ್ಥ ಬರುತ್ತದೆ. ಕೇಳದವರಿಗೆ ಮಣಿ ಬರಿಯ ಮಣಿ. ಇಂದು ಈ ಪುರಾಣವಾಚನ ಕರಾವಳಿಯ ಮನೆಗಳಲ್ಲಿ ನಿಂತುಹೋಗಿರುವುದು ಜಪಸರದ ಪಾಲಿಗೆ ಸಣ್ಣ ನಷ್ಟವಲ್ಲ.

ಹೀಗೆ ಕಥೆಯನ್ನು ಕಣ್ಣಿಗೆ ಕಟ್ಟುವ ಪ್ರಾರ್ಥನೆಯಾದುದರಿಂದಲೇ ಅದಕ್ಕೆ ಚಿತ್ರದ ಆಸರೆ ಬೇಕಾಯಿತು. 1483ರಷ್ಟು ಹಿಂದೆಯೇ ಜರ್ಮನಿಯ ಊಲ್ಮ್ ನಗರದಲ್ಲಿ, ಹದಿನೈದು ಪ್ರಸಂಗಗಳನ್ನು ಮರದಚ್ಚಿನ ಚಿತ್ರಗಳಲ್ಲಿ ತೋರಿಸುವ ಜಪಸರದ ಪುಸ್ತಿಕೆ ಅಚ್ಚಾಯಿತು. ಓದು ಬಾರದವನು ಚಿತ್ರವನ್ನು ನೋಡಿ ಪ್ರಾರ್ಥಿಸಬಹುದಾಗಿತ್ತು. ಜೆಸುಯಿಟ್ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ತನ್ನ ಧ್ಯಾನಗ್ರಂಥದಲ್ಲಿ ಪ್ರಸಂಗ ನಡೆದ ಸ್ಥಳವನ್ನು ಮೊದಲು ಮನಸ್ಸಿನಲ್ಲಿ ರಚಿಸಿಕೊಳ್ಳಬೇಕೆಂದು ವಿಧಿಸಿದನು. ಈ ಶಿಕ್ಷಣ ಪಡೆದ ಪಾದ್ರಿಗಳೇ ಗೋವೆಗೂ ಬಂದವರು. ಅವರ ಕೈಕೆಳಗೆ ನಮ್ಮ ನಾಡಿನ ಕುಶಲಕರ್ಮಿಗಳು ದಂತದಲ್ಲಿಯೂ ಮರದಲ್ಲಿಯೂ ಮೇರಿಯನ್ನು, ಬಾಲಯೇಸುವನ್ನು ಕೆತ್ತಿದರು. ದಕ್ಷಿಣದ ಕರಾವಳಿಯಲ್ಲಿ ಸೆಪ್ಟೆಂಬರ್ 8ರ ಹಬ್ಬದಲ್ಲಿ ಮಕ್ಕಳು ಶಿಶುರೂಪದ ಮೇರಿಗೆ ಹೂವು ಅರ್ಪಿಸುತ್ತಾರೆ. ಅದೇ ದಿನ ಹೊಸ ಭತ್ತದ ತೆನೆ ಇಗರ್ಜಿಯಿಂದ ಮನೆಗೆ ಬರುತ್ತದೆ. ಶಿಶುಪ್ರತಿಮೆ ಯೂರೋಪಿನದು, ತೆನೆ ಈ ಮಣ್ಣಿನದು. ಎರಡೂ ಒಂದೇ ತಟ್ಟೆಯಲ್ಲಿ ಬಂದುದು ಯಾವ ಧರ್ಮಸಭೆಯ ನಿರ್ಣಯದಿಂದಲೂ ಅಲ್ಲ.

ಪ್ರತಿಮೆಯ ಬಗೆಗೆ ಕಥೋಲಿಕ ಸಿದ್ಧಾಂತ ತೊಡಕಿಲ್ಲದ್ದು. 787ರಲ್ಲಿ ನೈಸೀಯದಲ್ಲಿ ಸೇರಿದ ಎರಡನೆಯ ಧರ್ಮಸಭೆ ಗೌರವಕ್ಕೂ ಆರಾಧನೆಗೂ ಗೆರೆ ಎಳೆಯಿತು. ಆರಾಧನೆ ದೇವರೊಬ್ಬನಿಗೇ, ಪ್ರತಿಮೆಗೆ ಸಲ್ಲುವುದು ಗೌರವ ಮಾತ್ರ, ಆ ಗೌರವವೂ ಪ್ರತಿಮೆಯಲ್ಲಿ ನಿಲ್ಲದೆ ಅದು ಸೂಚಿಸುವ ವ್ಯಕ್ತಿಗೆ ಹೋಗಿ ಮುಟ್ಟುತ್ತದೆ. ಪ್ರಾಟೆಸ್ಟಂಟರ ಆಕ್ಷೇಪಣೆಗೆ ಉತ್ತರವಾಗಿ 1563ರ ಡಿಸೆಂಬರಿನಲ್ಲಿ ಟ್ರೆಂಟ್ ಸಭೆ ಇದನ್ನೇ ಪುನಃ ಹೇಳಿತು. ಪ್ರತಿಮೆಯಲ್ಲಿ ದೈವತ್ವವಾಗಲಿ ಶಕ್ತಿಯಾಗಲಿ ಅಡಗಿದೆಯೆಂದು ನಂಬಕೂಡದೆಂದು ಸ್ಪಷ್ಟಪಡಿಸಿತು. ಅಂದರೆ ಪ್ರಾಣಪ್ರತಿಷ್ಠೆಯಂಥ ಕಲ್ಪನೆಗೆ ಇಲ್ಲಿ ಎಡೆಯೇ ಇಲ್ಲ.

ಸಿದ್ಧಾಂತ ಹೀಗಿರಲು, ಕನ್ನಡದ ಕಥೋಲಿಕರು ಪ್ರತಿಮೆಗೆ ಬಳಸುವ ಶಬ್ದ ಯಾವುದು? ‘ಸ್ವರೂಪ’. ವಿವೇಚನೆಗೆ ಯೋಗ್ಯವಾದ ಆಯ್ಕೆ ಇದು. ಸ್ವರೂಪವೆಂದರೆ ವಸ್ತುವಿನ ತನ್ನದೇ ಆದ ನಿಜರೂಪ. ನಮ್ಮ ದರ್ಶನಗಳೆಲ್ಲವೂ ಆ ಮಾತನ್ನು ಇದೇ ಅರ್ಥದಲ್ಲಿ ಬಳಸಿವೆ. ಮರದ ಬೊಂಬೆಯನ್ನು ಮೇರಿಯ ಸ್ವರೂಪ ಎಂದರೆ, ಪ್ರತಿಮೆ ಬೇರೆ ಮೂಲ ಬೇರೆ ಎಂದು ನೈಸೀಯದ ಸಭೆ ಕಷ್ಟಪಟ್ಟು ಎಳೆದ ಗೆರೆಯನ್ನು ಶಬ್ದವೊಂದು ಒರೆಸಿಹಾಕಿದಂತಾಯಿತು. ಕೊಂಕಣಿಯವರ ‘ಇಮಾಜ್’ ಪೋರ್ತುಗೀಜರಿಂದ ಬಂದ ಪರದೇಶಿ ಮಾತಾದರೂ ಸಿದ್ಧಾಂತಕ್ಕೆ ನಿಷ್ಠವಾಗಿದೆ. ಸ್ವರೂಪವೆಂಬ ದೇಶೀಯ ಮಾತು ಭಕ್ತನ ಹೃದಯಕ್ಕೆ ನಿಷ್ಠವಾಗಿದೆ. ಭಕ್ತನು ಪ್ರತಿಮೆಯ ಮುಂದೆ ಮೊಣಕಾಲೂರಿದಾಗ ‘ಇದು ಬರಿಯ ಸೂಚನೆ’ ಎಂದುಕೊಳ್ಳುವುದಿಲ್ಲ. ತಾಯಿಯ ಎದುರಿನಲ್ಲಿರುವಂತೆ ಇರುತ್ತಾನೆ. ಈ ಶಬ್ದವನ್ನು ಬಿಟ್ಟು ‘ಪ್ರತಿಮೆ’ ಎನ್ನಬೇಕೆಂದು ಪಂಡಿತನು ಹೇಳಬಹುದು. ಹೇಳಿದರೆ ಅವನ ಮಾತು ಸರಿಯೂ ಹೌದು. ಆದರೆ ಜನ ಏತಕ್ಕೆ ಅದನ್ನು ಹಿಡಿದುಕೊಂಡಿದ್ದಾರೆಂಬುದನ್ನು ಅವನು ಮೊದಲು ತಿಳಿಯಬೇಕು.

ಇದೇ ತೊಡಕು ವಂದನೆಯ ಮೊದಲ ಮಾತಿನಲ್ಲಿಯೂ ಇದೆ. ಲ್ಯಾಟಿನ್ನಿನ ‘ಆವೇ’ ಎಂಬುದು ಒಬ್ಬರನ್ನೊಬ್ಬರು ಕಂಡಾಗ ಹೇಳುವ ಸಾಮಾನ್ಯ ಕುಶಲದ ಮಾತು. ಕೊಂಕಣಿಯಲ್ಲಿ ಅದು ‘ನಮಾನ್’ ಆಯಿತು, ಕನ್ನಡದಲ್ಲಿ ‘ನಮೋ’ ಆಯಿತು. ನಮೋ ಎಂದೊಡನೆ ಕನ್ನಡಿಗನ ಕಿವಿಗೆ ಅದು ಕುಶಲವಲ್ಲ, ಮಂತ್ರ. ಪಂಚಾಕ್ಷರಿಯೂ ನಮಃ ಎಂಬಲ್ಲಿಂದಲೇ ಹೊರಡುತ್ತದೆ. ಗೌರವ ಮತ್ತು ಆರಾಧನೆಗಳಿಗೆ ಗ್ರೀಕರಲ್ಲಿ ಬೇರೆ ಬೇರೆ ಶಬ್ದಗಳಿದ್ದವು. ನಮ್ಮಲ್ಲಿಯಾದರೋ ತಾಯಿಗೂ ಗುರುವಿಗೂ ದೇವರಿಗೂ ಅತಿಥಿಗೂ ಒಂದೇ ನಮಸ್ಕಾರ, ಒಂದೇ ಕೈಮುಗಿತ. ಆದ್ದರಿಂದ ಕರಾವಳಿಯ ಕಥೋಲಿಕನು ಮೇರಿಗೆ ಕೈಮುಗಿದಾಗ ಅದು ಯಾವ ಬಗೆಯ ವಂದನೆಯೆಂದು ಹೊರಗಿನವನು ಕಣ್ಣಿನಿಂದ ನಿರ್ಣಯಿಸಲಾರ. ಬಾಗಿದ ತಲೆಯನ್ನು ನೋಡಿ ತೀರ್ಪು ಕೊಟ್ಟ ಪ್ರಾಟೆಸ್ಟಂಟ್ ಟೀಕಾಕಾರರು ಎಡವಿದ್ದು ಇಲ್ಲಿಯೇ. ‘ವರಪ್ರಸಾದ’ ಎಂಬ ಇನ್ನೊಂದು ಮಾತನ್ನೂ ಇಲ್ಲಿ ನೆನೆಯಬಹುದು. ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದವನ್ನು ಬಲ್ಲ ಓದುಗರಿಗೆ ದೇವರ ಕೃಪೆಗೆ ಈ ಹೆಸರು ಸಲ್ಲುವುದರ ಔಚಿತ್ಯವನ್ನು ವಿವರಿಸಬೇಕಾದ್ದಿಲ್ಲ.

ಪ್ರತಿಮೆಯ ಚರ್ಚೆ ಬಂದಲ್ಲಿ ಇಷ್ಟಲಿಂಗವನ್ನು ಹೋಲಿಕೆಗೆ ತರುವುದು ವಾಡಿಕೆ. ಇಲ್ಲಿಯೂ ಎಚ್ಚರ ಬೇಕು. ಇಷ್ಟಲಿಂಗ ಯಾರದೋ ಆಕೃತಿಯನ್ನು ಹೋಲುವ ಪ್ರತಿಮೆಯಲ್ಲ. ಆಕಾರವಿಲ್ಲದುದಕ್ಕೆ ಕರಸ್ಥಲದಲ್ಲಿ ದೊರೆತ ಕುರುಹು. ಅದನ್ನು ದಿಟ್ಟಿಸುವ ಕಣ್ಣು ಕಥೆಯನ್ನು ಕಾಣುವುದಿಲ್ಲ, ಕಾಣಲೂ ಬಾರದು. ಗುರುವಿನಿಂದ ದೀಕ್ಷೆಯಲ್ಲಿ ಬಂದುದು ಅದು. ಅಂಗದಿಂದ ಅಗಲಿಸಲಾಗದ್ದು, ಕಳೆದುಹೋದರೆ ಪ್ರಾಣವೇ ಹೋದಂತೆ ಬಗೆಯುತ್ತಿದ್ದ ಕಾಲವೊಂದಿತ್ತು. ಜಪಸರವಾದರೋ ಪವಿತ್ರ ಸಂಸ್ಕಾರಗಳ ಪಂಕ್ತಿಗೆ ಸೇರಿದ್ದಲ್ಲ. ಪಾದ್ರಿಯಿಂದ ಮಂತ್ರಿಸಿಕೊಂಡ ಪೂಜ್ಯವಸ್ತು ಮಾತ್ರ; ದಾರ ಹರಿದರೆ ಇನ್ನೊಂದನ್ನು ಕೊಂಡರಾಯಿತು. ಇಷ್ಟೆಲ್ಲ ಭೇದವಿದ್ದರೂ ಒಂದೆಡೆ ಎರಡೂ ಅನಿರೀಕ್ಷಿತವಾಗಿ ಸಂಧಿಸುತ್ತವೆ. ಲಿಂಗವಂತನನ್ನು ಸಮಾಧಿ ಮಾಡುವಾಗ ಇಷ್ಟಲಿಂಗ ಅವನೊಡನೆಯೇ ಹೋಗುತ್ತದೆ. ಕಥೋಲಿಕನ ಶವದ ಕೈಬೆರಳುಗಳಿಗೆ ಜಪಸರವನ್ನು ಸುತ್ತಿ ಮಣ್ಣಿಗೆ ಇಳಿಸುತ್ತಾರೆ.

ಈ ಎರಡು ಪರಂಪರೆಗಳು ಕರಾವಳಿಯಲ್ಲಿ ಮುಖಾಮುಖಿಯಾದುದಕ್ಕೆ ದಾಖಲೆಯೂ ಉಂಟು. 1883ರಲ್ಲಿ ಪ್ರಕಟವಾದ ಕೆನರಾ ಜಿಲ್ಲೆಯ ಗೆಜೆಟಿಯರ್, 1678ರಲ್ಲಿ ಕೆಳದಿಯ ಬಸವಪ್ಪನಾಯಕನಿಗೂ ಪೋರ್ತುಗೀಜರಿಗೂ ಆದ ಒಪ್ಪಂದವನ್ನು ಹೇಳುತ್ತದೆ. ಅದರಂತೆ ಮಿರ್ಜಾನ, ಚಂದಾವರ, ಭಟ್ಕಳ ಮತ್ತು ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ದೊರೆಯಿತು. ಈ ನಾಲ್ಕರಲ್ಲಿ ಮೂರು ಪ್ರಕೃತ ಪ್ರದೇಶದವೇ. ಆ ಕಾಲದಲ್ಲಿ ಕೆಳದಿಯ ಆಡಳಿತವನ್ನು ನಡೆಸುತ್ತಿದ್ದವಳು ರಾಣಿ ಚೆನ್ನಮ್ಮ. ಬಸವಪ್ಪನು ಅವಳ ದತ್ತುಪುತ್ರ. ಇವನೇ ಮುಂದೆ ಪಟ್ಟಕ್ಕೆ ಬಂದು, ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತದ ಮಹಾಕೋಶವನ್ನು 1709ರಲ್ಲಿ ಮುಗಿಸಿದ ಬಸವರಾಜ. ವೀರಶೈವ ಅರಸುಮನೆ, ಶಿವತತ್ತ್ವದ ವಿದ್ವಾಂಸ, ಅವನ ಹೆಸರಿನ ಒಪ್ಪಂದದಲ್ಲಿ ಇಗರ್ಜಿಗೆ ಎಡೆ. ಇದನ್ನು ಕೇವಲ ಧರ್ಮಸಹಿಷ್ಣುತೆಯೆಂದು ಕೊಂಡಾಡುವುದು ಸುಲಭ. ಆದರೆ ಗೋವೆಯ ಊಟಕ್ಕೆ ಕೆನರಾದ ಅಕ್ಕಿ ಬೇಕಿತ್ತು, ಕೆಳದಿಯ ಬೊಕ್ಕಸಕ್ಕೆ ಆ ವ್ಯಾಪಾರ ಬೇಕಿತ್ತು ಎಂಬುದನ್ನು ಮರೆಯಲಾಗದು. ಹಾಗೆಂದು ಅಕ್ಕಿಯಷ್ಟೇ ಕಾರಣವೆಂದರೂ ಸಾಲದು. ಅಕ್ಕಿ ಮಾರುವುದಕ್ಕೆ ಕೋಠಿ ಸಾಕು, ಇಗರ್ಜಿ ಬೇಕಾಗಿಲ್ಲ. ಅನ್ಯರ ಉಪಾಸನೆಗೆ ತನ್ನ ನೆಲದಲ್ಲಿ ಸ್ಥಳವಿದೆಯೆಂದು ಒಪ್ಪುವ ಮನಸ್ಸು ಆ ಅರಸುಮನೆಗೆ ಇತ್ತು. ಚಂದಾವರದಲ್ಲಿ ಡಿಸೆಂಬರಿನಲ್ಲಿ ನಡೆಯುವ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬಕ್ಕೆ ಇಂದಿಗೂ ಹಿಂದುಗಳು ಹರಕೆ ಹೊತ್ತು ಬರುತ್ತಾರೆ.

ಇಗರ್ಜಿಗೆ ಅನುಮತಿ ಸಿಕ್ಕ ಮೂರು ವರ್ಷಗಳಲ್ಲಿ, 1681ರಲ್ಲಿ, ಗೋವೆಯ ಯುವ ಪಾದ್ರಿ ಜೋಸೆಫ್ ವಾಜ್ ಕೆನರಾಕ್ಕೆ ಬಂದರು. 1684ರವರೆಗೆ ಇಲ್ಲಿ ಚದುರಿದ್ದ ಕ್ರೈಸ್ತರನ್ನು ಕೂಡಿಸುವ ಕೆಲಸ ಮಾಡಿದರು. 1677ರಲ್ಲಿಯೇ ತಮ್ಮನ್ನು ಮೇರಿಯ ದಾಸನೆಂದು ಬರೆದುಕೊಟ್ಟುಕೊಂಡಿದ್ದವರು ಅವರು. 1687ರಲ್ಲಿ ಸಿಂಹಳಕ್ಕೆ ಹೋದಾಗ ಅಲ್ಲಿ ಡಚ್ಚರ ಆಡಳಿತ; ಕಥೋಲಿಕ ಪೂಜೆ ನಿಷಿದ್ಧ. ಕ್ರೈಸ್ತರಾರೆಂದು ತಿಳಿಯಲು ವಾಜ್ ಭಿಕ್ಷುಕನ ವೇಷದಲ್ಲಿ ಕೊರಳಿಗೆ ಜಪಸರ ಹಾಕಿಕೊಂಡು ಜಾಫ್ನಾದ ಮನೆಮನೆ ತಿರುಗಿದರಂತೆ. ಅದನ್ನು ಕಂಡು ಗುರುತಿಸಿದವರು ಒಳಗೆ ಕರೆದರು. ಕುರುಹು ಎಂಬ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಸಿಗುವುದು ಕಷ್ಟ. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು.

1784ರಲ್ಲಿ ಟೀಪುವು ಕೆನರಾದ ಕಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಕರಾವಳಿಯ ಅನೇಕ ಇಗರ್ಜಿಗಳು ನೆಲಸಮವಾದವು. 1799ರವರೆಗಿನ ಹದಿನೈದು ವರ್ಷಗಳ ಆ ಅವಧಿಯನ್ನು ಪ್ರಾರ್ಥನೆಯ ದೃಷ್ಟಿಯಿಂದ ನೋಡಬೇಕು. ಕಥೋಲಿಕರ ಬಲಿಪೂಜೆಗೆ ಪಾದ್ರಿ ಬೇಕು, ಪೀಠ ಬೇಕು, ರೊಟ್ಟಿ ದ್ರಾಕ್ಷಾರಸ ಬೇಕು. ಜಪಸರಕ್ಕೆ ಇದಾವುದೂ ಬೇಡ. ಮಣಿ ಇಲ್ಲದಿದ್ದರೆ ಹತ್ತು ಬೆರಳುಗಳಿವೆ. ಚಿತ್ರ ಇಲ್ಲದಿದ್ದರೆ ನೆನಪಿದೆ. ಅಧಿಕಾರಸ್ಥರು ಕಸಿದುಕೊಳ್ಳಲಾಗದ ಪ್ರಾರ್ಥನೆಯೊಂದು ಮನೆಯ ಹೆಂಗಸರ ಬಾಯಲ್ಲಿ ಉಳಿಯಬಲ್ಲುದಾಗಿತ್ತು. ಇಗರ್ಜಿಯಲ್ಲಿ ಪಾದ್ರಿಯೇ ಮುಂದಾಳು. ತೇರ್ಸಿನಲ್ಲಿ ಅಜ್ಜಿಯೂ ಮುಂದಾಳಾಗಬಲ್ಲಳು, ಹತ್ತು ವರ್ಷದ ಹುಡುಗಿಯೂ ಆಗಬಲ್ಲಳು.

ಇನ್ನು ಗಿಳಿಪಾಠದ ಆಕ್ಷೇಪಣೆ. ಇದು ಹೊರಗಿನಿಂದ ಬಂದ ಟೀಕೆಯಷ್ಟೇ ಅಲ್ಲ. ಬಹಳ ಮಾತನಾಡಿದರೆ ದೇವರು ಕೇಳುವನೆಂದು ತಿಳಿಯಬೇಡಿರೆಂದು ಮತ್ತಾಯನ ಸುವಾರ್ತೆಯಲ್ಲಿ ಯೇಸುವೇ ಎಚ್ಚರಿಸಿದ್ದಾನೆ. ನಮ್ಮ ಶರಣರೂ ಮನಸ್ಸು ಕೂಡದ ಜಪವನ್ನು, ಎಣಿಕೆಯ ಭಕ್ತಿಯನ್ನು ಎಷ್ಟು ಕಟುವಾಗಿ ಕಂಡಿದ್ದಾರೆಂಬುದು ಓದುಗರಿಗೆ ತಿಳಿದದ್ದೇ. ಆದರೂ ಅದೇ ಪರಂಪರೆಯ ಅಷ್ಟಾವರಣಗಳಲ್ಲಿ ರುದ್ರಾಕ್ಷಿಯೂ ಮಂತ್ರವೂ ಸೇರಿವೆ. ಸಾಧನವನ್ನು ತೊರೆಯುವುದು ಬೇರೆ, ಸಾಧನ ಜಡವಾದುದನ್ನು ಟೀಕಿಸುವುದು ಬೇರೆ. ವಾಚಿಕ, ಉಪಾಂಶು, ಮಾನಸವೆಂದು ಜಪವನ್ನು ಮೂರಾಗಿ ವಿಂಗಡಿಸಿ ಮಾನಸವನ್ನು ಶ್ರೇಷ್ಠವೆಂದು ಎಣಿಸುವ ಕ್ರಮದಲ್ಲಿ ಗಟ್ಟಿಯಾಗಿ ಹೇಳುವ ತೇರ್ಸ್ ಕೆಳಗಿನ ಮೆಟ್ಟಿಲಿಗೆ ಬರುತ್ತದೆ. ಆದರೆ ಆ ವಿಂಗಡಣೆ ಏಕಾಂತ ಸಾಧಕನನ್ನು ಲಕ್ಷಿಸಿದ್ದು. ತೇರ್ಸ್ ಸಾಮೂಹಿಕವಾದದ್ದು. ಅರ್ಧವನ್ನು ಒಬ್ಬರು ಹೇಳಬೇಕು, ಉಳಿದರ್ಧವನ್ನು ಎಲ್ಲರೂ ಸೇರಿ ಹೇಳಿ ಮುಗಿಸಬೇಕು. ಮೌನದಲ್ಲಿ ಈ ಕೊಡುಕೊಳ್ಳುವಿಕೆ ನಡೆಯದು.

ಕಥೋಲಿಕ ಧರ್ಮಸಭೆಯೂ ಈ ಅಪಾಯವನ್ನು ಬಲ್ಲದು. ಎರಡನೆಯ ವ್ಯಾಟಿಕನ್ ಸಭೆ 1964ರಲ್ಲಿ ಮೇರಿಭಕ್ತಿಯಲ್ಲಿ ಅತಿಯೂ ಬೇಡ, ಸಂಕುಚಿತತೆಯೂ ಬೇಡವೆಂದು ಹೇಳಿತು. 1974ರ ಫೆಬ್ರವರಿಯಲ್ಲಿ ಪೋಪ್ ಆರನೆಯ ಪೌಲರು ಧ್ಯಾನವಿಲ್ಲದ ಜಪಸರವನ್ನು ಆತ್ಮವಿಲ್ಲದ ಶರೀರಕ್ಕೆ ಹೋಲಿಸಿದರು. ಇಷ್ಟು ಕಟುವಾದ ಮಾತನ್ನು ಪ್ರಾಟೆಸ್ಟಂಟ್ ಟೀಕಾಕಾರನೂ ಆಡಲಾರನು. ಆದರೂ ಆಚರಣೆಯಲ್ಲಿ ದೋಷಗಳು ಉಳಿದಿವೆ. ಇಷ್ಟು ದಿನ ಇಷ್ಟು ಸರ ಹೇಳಿದರೆ ಇಂಥದು ಖಂಡಿತ ದೊರೆಯುತ್ತದೆಂದು ಭರವಸೆ ಕೊಡುವ ಚೀಟಿಗಳು ಕೈಯಿಂದ ಕೈಗೆ ಹರಿದಾಡುತ್ತವೆ. ಲೆಕ್ಕ ಒಪ್ಪಿಸಿ ವರ ಪಡೆಯುವ ಈ ವ್ಯವಹಾರ ಅಂಗಡಿಯದು. ಜಪಸರ ವಾಹನದ ಕನ್ನಡಿಗೆ ನೇತಾಡುವ ತಾಯಿತವಾಗಿದೆ. ನಮ್ಮ ರುದ್ರಾಕ್ಷಿಯೂ ಅಂಗಿಯ ಗುಂಡಿ ಬಿಚ್ಚಿ ತೋರಿಸುವ ಒಡವೆಯಾಗಿರುವುದರಿಂದ ಈ ಬಗೆಗೆ ಹೆಚ್ಚು ಹೇಳುವ ಅಧಿಕಾರ ಯಾರಿಗೂ ಇಲ್ಲ. ಚಿತ್ರಗಳ ಮಾತೂ ಅಷ್ಟೇ. ಹಿಂದೆ ಗೋವೆಯ ಕುಶಲಕರ್ಮಿ ಕೆತ್ತಿದ ಮುಖದಲ್ಲಿ ಈ ನಾಡಿನ ಹೆಣ್ಣಿನ ಛಾಯೆ ಇಣುಕುತ್ತಿತ್ತು. ಅಚ್ಚಿನಲ್ಲಿ ಸಾವಿರಗಟ್ಟಲೆ ಬರುವ ಇಂದಿನ ಚಿತ್ರದ ನೀಲಿಗಣ್ಣಿನ ಮೇರಿಯಲ್ಲಿ ಅದಿಲ್ಲ. ಪ್ರತಿಮೆಯ ಸಿದ್ಧಾಂತಕ್ಕೆ ಇದರಿಂದ ಬಾಧೆ ಇಲ್ಲದಿರಬಹುದು, ಪ್ರತಿಮೆಯ ಕಲೆಗೆ ಇದೆ.

ಎಲ್ಲಕ್ಕಿಂತ ಹೆಚ್ಚು ಚಿಂತಿಸತಕ್ಕದ್ದು ಭಾಷೆಯ ಪ್ರಶ್ನೆ. 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ಕಾರವಾರ ಧರ್ಮಪ್ರಾಂತ ಸ್ಥಾಪಿತವಾಯಿತು. ಮನೆಯಲ್ಲಿ ಕೊಂಕಣಿ, ಶ���ಲೆಯಲ್ಲಿ ಕನ್ನಡ ಎಂಬ ಸ್ಥಿತಿ ಅಲ್ಲಿಯ ಮಕ್ಕಳದು. ಜಪಸರದ ಪ್ರಸಂಗಗಳಿಗೆ ಕೊಂಕಣಿಯ ‘ಮಿಸ್ತೆರ್’ ಅವರಿಗೆ ಹೆಸರಷ್ಟೇ ಆಗಿ ಉಳಿದಿದೆ. ಕನ್ನಡದ ‘ರಹಸ್ಯ’ ತಪ್ಪು ದಾರಿಗೆ ಎಳೆಯುತ್ತದೆ. ರಹಸ್ಯವೆಂದರೆ ಮುಚ್ಚಿಟ್ಟದ್ದು, ಅನ್ಯರಿಗೆ ಹೇಳಬಾರದ್ದು. ಕೊಟ್ಟಿಗೆಯಲ್ಲಿ ಮಗು ಹುಟ್ಟಿದ್ದನ್ನು ದನಗಾಹಿಗಳು ಕಂಡರು, ಶಿಲುಬೆಯ ಮರಣವನ್ನು ಊರೇ ಕಂಡಿತು, ಇವುಗಳಲ್ಲಿ ಮುಚ್ಚಿಟ್ಟದ್ದೇನು? ಎಲ್ಲರ ಕಣ್ಣೆದುರಿಗೆ ನಡೆದೂ ಪೂರ್ತಿಯಾಗಿ ತಿಳಿಯಲಾಗದ್ದು ಎಂಬ ಅರ್ಥ ಮೂಲದ ಶಬ್ದದಲ್ಲಿದೆ. ಅದನ್ನು ಹೊರಬಲ್ಲ ಮಾತು ವಚನಕಾರರ ಕನ್ನಡದಲ್ಲಿ ಸಿಕ್ಕೀತು. ‘ಬೆಡಗು’ ಎಂಬ ಹಳೆಯ ಶಬ್ದ ಅದರ ಹತ್ತಿರಕ್ಕೆ ಬರುತ್ತದೆ. ಆದರೆ ಇಂದಿನ ಕನ್ನಡದಲ್ಲಿ ಅದು ಒನಪಿನ ಅರ್ಥಕ್ಕೆ ಇಳಿದಿರುವುದರಿಂದ ಪ್ರಾರ್ಥನೆಗೆ ಒಗ್ಗುವುದೋ ಇಲ್ಲವೋ ಎಂಬುದನ್ನು ಪ್ರಾರ್ಥಿಸುವವರೇ ತೀರ್ಮಾನಿಸಬೇಕು.

ತೇರ್ಸಿನ ಕೊನೆಯಲ್ಲಿ ಮೇರಿಯ ನಾಮಾವಳಿಯನ್ನು ಹೇಳುವ ಪದ್ಧತಿಯೂ ಇದೆ. ಗೋಪುರ, ನಕ್ಷತ್ರ, ಗುಲಾಬಿ ಮೊದಲಾದ ರೂಪಕಗಳ ಆ ಪಟ್ಟಿಗೆ 1587ರಲ್ಲಿ ರೋಮಿನ ಮನ್ನಣೆ ದೊರೆಯಿತು. 2020ರ ಜೂನಿನಲ್ಲಿ ಪೋಪ್ ಫ್ರಾನ್ಸಿಸರು ಅದಕ್ಕೆ ಸೇರಿಸಿದ ಮೂರು ಹೆಸರುಗಳಲ್ಲಿ ಒಂದು, ವಲಸೆ ಹೋದವರನ್ನು ಸಂತೈಸುವವಳು ಎಂಬರ್ಥದ್ದು. ಮಕ್ಕಳನ್ನು ಮುಂಬಯಿಗೂ ಕೊಲ್ಲಿಯ ದೇಶಗಳಿಗೂ ಕಳಿಸಿ ಹಾದಿ ಕಾಯುವ ಭಟ್ಕಳ ಹೊನ್ನಾವರಗಳ ಮನೆಗಳಿಗೆ ಈ ಹೆಸರನ್ನು ಯಾರೂ ವ್ಯಾಖ್ಯಾನ ಮಾಡಿ ಹೇಳಬೇಕಾಗಿಲ್ಲ. ನಾಮಾವಳಿ ಮುಗಿದ ಮೇಲೆ ಕಿರಿಯರು ಸಾಲಾಗಿ ಹಿರಿಯರ ಮುಂದೆ ನಿಂತು ಕೈಜೋಡಿಸಿ ‘ಬೆಸಾಂವ್’ ಬೇಡುತ್ತಾರೆ. ಅಜ್ಜ ಮಣಿಸರವನ್ನು ಗೋಡೆಯ ಮೊಳೆಗೆ ತಗುಲಿಸಿ, ಒಬ್ಬೊಬ್ಬರ ತಲೆಯ ಮೇಲೂ ಕೈಯಿಡುತ್ತಾನೆ. ಆಮೇಲೆ ಒಳಗಿನಿಂದ ಊಟಕ್ಕೆ ಕರೆ ಬರುತ್ತದೆ.